ಸ್ಕೂಲ್ ಬಾಂಡ್‌ಗೆ ನಾನ್ಯಾಕೆ ತೆರಿಗೆ ಕಟ್ಟಬೇಕು?

ಓದುಗರ ಪ್ರಶ್ನೆ:

"ಮೇಡಂ, ನಾವು ಕ್ಯಾಲಿಫೋರ್ನಿಯಾದ ಈಸ್ಟ್ ಬೇ ಕಡೆ ಇದ್ದೇವೆ. 2014ರಲ್ಲಿ 8 ಲಕ್ಷ ಡಾಲರ್‌ಗೆ ಮನೆ ತೊಗೊಂಡೆವು. ಈ ನವೆಂಬರ್ ಬ್ಯಾಲೆಟ್‌ನಲ್ಲಿ ನಮ್ಮ ಸ್ಕೂಲ್ ಡಿಸ್ಟ್ರಿಕ್ಟ್ 45 ಕೋಟಿ ಡಾಲರ್ ಬಾಂಡ್ ಕೇಳುತ್ತಿದೆ. ಪ್ರತಿ ಲಕ್ಷಕ್ಕೆ ವರ್ಷಕ್ಕೆ 60 ಡಾಲರ್ ತೆರಿಗೆಯಂತೆ. ಬಡ್ಡಿ ಸೇರಿ ಒಟ್ಟು 86 ಕೋಟಿ ತೀರಿಸಬೇಕಂತೆ. ನಮ್ಮ ವಾಟ್ಸಾಪ್ ಗುಂಪಿನಲ್ಲಿ ದಿನಾ ಜಗಳ. ದುಡ್ಡೆಲ್ಲ ಸೂಪರಿಂಟೆಂಡೆಂಟ್ ಸಂಬಳಕ್ಕೆ ಹೋಗುತ್ತೆ ಅಂತ ಒಬ್ಬರು. ವಕೀಲರಿಗೆ, ಬ್ಯಾಂಕರ್‌ಗಳಿಗೆ ಕಮಿಷನ್ ಅಂತ ಇನ್ನೊಬ್ಬರು. ಡಿಸ್ಟ್ರಿಕ್ಟ್ ದಿವಾಳಿಯಾದರೆ ನಮ್ಮ ಮನೆ ಜಪ್ತಿ ಅಂತ ಮತ್ತೊಬ್ಬರು. ನಾವಿನ್ನೂ ಎಚ್-1ಬಿ ಮೇಲೆ ಗ್ರೀನ್ ಕಾರ್ಡ್ ಕಾಯುತ್ತಿದ್ದೇವೆ. ವೋಟಿಲ್ಲ, ತೆರಿಗೆ ಮಾತ್ರ ಉಂಟು. ಊರಿಂದ ಬಂದಿರುವ ಅಮ್ಮ ಕೇಳುತ್ತಾರೆ: 'ಸರ್ಕಾರಿ ಶಾಲೆ ಅಲ್ವೇನೋ, ಸರ್ಕಾರ ಕಟ್ಟಿಸಲಿ. ನೀನ್ಯಾಕೆ ಸಾಲ ತೀರಿಸಬೇಕು?' ಇನ್ನೊಂದು ವಿಷಯ. ಭಾನುವಾರದ ನಮ್ಮ ಕನ್ನಡ ಕ್ಲಾಸ್ ಅದೇ ಶಾಲೆಯ ಹಾಲ್‌ನಲ್ಲಿ ನಡೆಯುತ್ತದೆ. ಮಳೆ ಬಂದರೆ ಅಲ್ಲಿ ಬಕೆಟ್ ಇಡುತ್ತಾರೆ. ಬಾಂಡ್ ದುಡ್ಡಲ್ಲಿ ಹಾಲ್ ಹೊಸದಾದರೆ ನಮ್ಮಂಥವರಿಗೆ ಬಾಡಿಗೆಗೆ ಕೊಡುವ ಹಾಗಿಲ್ಲವಂತೆ. ಇದರಲ್ಲಿ ನಿಜ ಎಷ್ಟು?"

ಉತ್ತರ:

ನಿಮ್ಮ ಅಮ್ಮನ ಪ್ರಶ್ನೆ ಓದಿ ನಗು ಬಂತು. ನಮ್ಮಮ್ಮನೂ ಇದನ್ನೇ ಕೇಳಿದ್ದರು. ನಾನು ಏನು ಕೆಲಸ ಮಾಡುತ್ತೇನೆ ಎಂದು ಧಾರವಾಡದ ನೆಂಟರಿಗೆ ಹೇಳುವುದು ಅವರಿಗೆ ಇವತ್ತಿಗೂ ಕಷ್ಟ. "ಸಾಲಿಗಳಿಗೆ ಸಾಲಾ ಕೊಡಸ್ತಾಳ" ಅಂದುಬಿಡುತ್ತಾರೆ. ಅರ್ಧ ಸರಿ. ಸ್ಕೂಲ್ ಡಿಸ್ಟ್ರಿಕ್ಟ್ ಅಂದರೆ ಒಂದು ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಸಂಸ್ಥೆ. ಅದು ಸಾಲಪತ್ರ ಮಾರಿ ಹಣ ಎತ್ತುತ್ತದೆ, ಆ ಸಾಲ ತೀರುವುದು ಊರಿನವರ ಮನೆ ತೆರಿಗೆಯಿಂದ. ಬಾಂಡ್ ಅಂದರೆ ಇದೇ. ಸಾಲ ಕೊಡಿಸುವವರು ಬ್ಯಾಂಕರ್‌ಗಳು. ಆ ಸಾಲ ಕಾನೂನಿನ ಪ್ರಕಾರ ಸರಿಯಾಗಿದೆ ಎಂದು ಬರೆದು ಸಹಿ ಹಾಕುವವಳು ನಾನು. ಇಲ್ಲಿ ಇದಕ್ಕೆ ಬಾಂಡ್ ಕೌನ್ಸೆಲ್ ಅನ್ನುತ್ತಾರೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ನನ್ನ ಕಕ್ಷಿದಾರರು ಸ್ಕೂಲ್ ಡಿಸ್ಟ್ರಿಕ್ಟ್‌ಗಳು. ಬಾಂಡ್ ಪಾಸಾದರೆ ನನ್ನಂಥವರಿಗೆ ಕೆಲಸ. ಅದನ್ನು ಮನಸ್ಸಿನಲ್ಲಿಟ್ಟುಕೊಂಡೇ ಮುಂದೆ ಓದಿ.

ನಿಮ್ಮ ಪತ್ರದಲ್ಲಿ ನಿಜವಾಗಿ ಇರುವುದು ಎರಡು ಚಿಂತೆ. ನನ್ನ ಜೇಬಿನಿಂದ ಎಷ್ಟು ಹೋಗುತ್ತೆ? ಹೋದ ದುಡ್ಡು ಸರಿಯಾದ ಜಾಗಕ್ಕೆ ಸೇರುತ್ತಾ? ಅಮ್ಮನ ಪ್ರಶ್ನೆಯಿಂದಲೇ ಶುರು ಮಾಡೋಣ. ಉಳಿದದ್ದೆಲ್ಲ ಅದರ ಹಿಂದೆಯೇ ಬರುತ್ತದೆ.

ಸರ್ಕಾರ ಯಾಕೆ ಕಟ್ಟಿಸುವುದಿಲ್ಲ?

ನಮ್ಮೂರಿನಲ್ಲಿ ಸರ್ಕಾರಿ ಶಾಲೆಗೆ ಒಂದು ಕೊಠಡಿ ಬೇಕಾದರೆ ಹೆಡ್‌ಮಾಸ್ತರರು ಅನುದಾನಕ್ಕೆ ಕಾಯುತ್ತಾರೆ. ಕಡತ ಮೇಲೆ ಹೋಗಬೇಕು, ಹಣ ಕೆಳಗೆ ಬರಬೇಕು. ಊರಿನವರು ಅದಕ್ಕೆ ಬೇರೆ ತೆರಿಗೆ ಕಟ್ಟುವುದಿಲ್ಲ. ಕಟ್ಟಬೇಕೋ ಬೇಡವೋ ಎಂದು ಯಾರೂ ಅವರನ್ನು ಕೇಳುವುದೂ ಇಲ್ಲ.

ಕ್ಯಾಲಿಫೋರ್ನಿಯಾದಲ್ಲಿ ಲೆಕ್ಕ ಬೇರೆ. ಇಲ್ಲಿ ಕಟ್ಟಡದ ಹೊಣೆ ಮೊದಲು ಡಿಸ್ಟ್ರಿಕ್ಟ್‌ನದು. ರಾಜ್ಯ ಕೈಜೋಡಿಸುತ್ತದೆ, ಆದರೆ ಪಾಲಿನ ಲೆಕ್ಕದಲ್ಲಿ. 1998ರಲ್ಲಿ ಬಂದ ಪದ್ಧತಿಯ ಪ್ರಕಾರ ಹೊಸ ಕಟ್ಟಡಕ್ಕೆ ಸುಮಾರು ಅರ್ಧ, ಹಳೆಯದರ ನವೀಕರಣಕ್ಕೆ ಶೇ 60ರಷ್ಟು ರಾಜ್ಯ ಕೊಡುತ್ತದೆ. 2024ರ ನವೆಂಬರ್‌ನಲ್ಲಿ ಮತದಾರರು ಪ್ರೊಪೊಸಿಷನ್ 2 (ಮತದಾರರ ಮುಂದಿಡುವ ಪ್ರಸ್ತಾವಕ್ಕೆ ಇಲ್ಲಿ ಈ ಹೆಸರು) ಒಪ್ಪಿದರು. ಅದರಿಂದ 1,000 ಕೋಟಿ ಡಾಲರ್‌ನ ರಾಜ್ಯ ಬಾಂಡ್ ಬಂತು, ಬಡ ಡಿಸ್ಟ್ರಿಕ್ಟ್‌ಗಳಿಗೆ ರಾಜ್ಯದ ಪಾಲು ಸ್ವಲ್ಪ ಜಾಸ್ತಿಯೂ ಆಯಿತು. ಆದರೆ ತನ್ನ ಪಾಲಿನ ಹಣವನ್ನು ಡಿಸ್ಟ್ರಿಕ್ಟ್ ತೋರಿಸಬೇಕು. ಆ ಪಾಲನ್ನು ಹೆಚ್ಚಿನವರು ತರುವುದು ಬಾಂಡ್‌ನಿಂದಲೇ.

ಇದಕ್ಕೆ ಇತಿಹಾಸವೂ ಇದೆ. 1978ರ ಪ್ರೊಪೊಸಿಷನ್ 13 ಮನೆ ತೆರಿಗೆಯನ್ನು ಶೇ 1ಕ್ಕೆ ಕಟ್ಟಿಹಾಕಿತು. ಶಾಲೆಗಳು ಹೊಸದಾಗಿ ಇಂಥ ಬಾಂಡ್ ಎತ್ತುವ ದಾರಿಯೂ ಮುಚ್ಚಿಹೋಯಿತು. 1986ರಲ್ಲಿ ಆ ಬಾಗಿಲು ತೆರೆಯಿತು, ಮೂರರಲ್ಲಿ ಎರಡು ಪಾಲು ಮತ ಬೇಕು ಎಂಬ ಷರತ್ತಿನ ಮೇಲೆ. ಅಷ್ಟು ಮತ ಸಿಗದೆ ಎಷ್ಟೋ ಬಾಂಡ್‌ಗಳು ಸೋತವು. 2000ದ ನವೆಂಬರ್‌ನಲ್ಲಿ ಪ್ರೊಪೊಸಿಷನ್ 39 ಬಂದು ಶೇ 55 ಮತ ಸಾಕು ಎಂದಿತು. ಜೊತೆಗೆ ಒಂದಿಷ್ಟು ಕಡಿವಾಣ ಹಾಕಿತು. ನಿಮ್ಮ ಬ್ಯಾಲೆಟ್‌ನಲ್ಲಿ ಇರುವುದು ಈ ಜಾತಿಯ ಬಾಂಡ್.

60 ಡಾಲರ್ ಅಂದರೆ ಎಷ್ಟು?

ಈ 60 ಇವತ್ತಿನ ಮಾರ್ಕೆಟ್ ಬೆಲೆಯ ಮೇಲೆ ಅಲ್ಲ. ಕೌಂಟಿ ಲೆಕ್ಕದಲ್ಲಿರುವ ಅಸೆಸ್ಡ್ ವ್ಯಾಲ್ಯೂ ಮೇಲೆ. ನೀವು ಕೊಂಡ ಬೆಲೆಗೆ ವರ್ಷಕ್ಕೆ ಹೆಚ್ಚೆಂದರೆ ಶೇ 2 ಏರಿಕೆ, ಅಷ್ಟೇ. 8 ಲಕ್ಷದ ನಿಮ್ಮ ಮನೆ ಕೌಂಟಿ ಪುಸ್ತಕದಲ್ಲಿ ಈಗ ಸುಮಾರು 10 ಲಕ್ಷ ಇರಬಹುದು. ಅಂದರೆ ವರ್ಷಕ್ಕೆ ಸುಮಾರು 600 ಡಾಲರ್. ಪಕ್ಕದ ಮನೆಯವರು ಅಂಥದ್ದೇ ಮನೆಯನ್ನು 2022ರಲ್ಲಿ 18 ಲಕ್ಷಕ್ಕೆ ಕೊಂಡಿದ್ದರೆ ಅವರಿಗೆ ಬರುವುದು 1,100ಕ್ಕೂ ಜಾಸ್ತಿ. ಮನೆ ಒಂದೇ ತರಹ, ತೆರಿಗೆ ಹೆಚ್ಚುಕಡಿಮೆ ಎರಡರಷ್ಟು. ಗುಂಪಿನಲ್ಲಿ ಜಗಳ ಜೋರಾಗುವುದು ಹಳಬರು ಹೊಸಬರ ನಡುವೆಯೇ ಅಲ್ವಾ? ಕಾರಣ ಇದು.

ಇನ್ನೊಂದು ಮಾತು. ಇದನ್ನು ಬಾಂಡ್ ಪರ ಇರುವವರು ತಾವಾಗಿ ಹೇಳುವುದಿಲ್ಲ. 60 ಅನ್ನುವುದು ಗೋಡೆಯಲ್ಲ, ಅಂದಾಜು. ಕಾನೂನಿನ ಮಿತಿ ಇರುವುದು ಸಾಲ ಎತ್ತುವ ದಿನದ ಲೆಕ್ಕಕ್ಕೆ. ಕೆ-12, ಅಂದರೆ ಕಿಂಡರ್‌ಗಾರ್ಟನ್‌ನಿಂದ 12ನೇ ಕ್ಲಾಸಿನವರೆಗೆ, ಪೂರ್ತಿ ನಡೆಸುವ ಯೂನಿಫೈಡ್ ಡಿಸ್ಟ್ರಿಕ್ಟ್‌ಗೆ ಲಕ್ಷಕ್ಕೆ 60, ಬರೀ ಎಲಿಮೆಂಟರಿ ಅಥವಾ ಬರೀ ಹೈಸ್ಕೂಲ್ ಡಿಸ್ಟ್ರಿಕ್ಟ್‌ಗೆ 30, ಕಮ್ಯುನಿಟಿ ಕಾಲೇಜಿಗೆ 25. ಬಾಂಡ್ ಮಾರಿಯಾದ ಮೇಲೆ ಅಸಲು ಬಡ್ಡಿ ತೀರಲು ಎಷ್ಟು ಬೇಕೋ ಅಷ್ಟು ತೆರಿಗೆ ಹಾಕಲೇಬೇಕು. ಊರಿನ ಮನೆಗಳ ಒಟ್ಟು ಮೌಲ್ಯ ಏರುತ್ತಿದ್ದರೆ ದರ 60ರ ಕೆಳಗೇ ಇರುತ್ತದೆ. 2008ರ ನಂತರ ಆದಂತೆ ಮೌಲ್ಯ ಕುಸಿದರೆ ದರ ಮೇಲೇರಬಹುದು. ನಿಮ್ಮ ಡಿಸ್ಟ್ರಿಕ್ಟ್ ಹಿಂದೆ ಬಾಂಡ್ ಎತ್ತಿದ್ದರೆ ಆಗ ಹೇಳಿದ ದರ ಎಷ್ಟು, ಈಗ ನಿಮ್ಮ ಬಿಲ್‌ನಲ್ಲಿ ಬರುತ್ತಿರುವುದು ಎಷ್ಟು, ಹೋಲಿಸಿ ನೋಡಿ. ಡಿಸೆಂಬರ್ 10, ಏಪ್ರಿಲ್ 10ರ ಗಡುವಿಗೆ ನೀವು ಕಟ್ಟುವ ಆ ಬಿಲ್‌ನಲ್ಲಿ ಪ್ರತಿ ಬಾಂಡ್‌ಗೂ ಬೇರೆ ಸಾಲು ಇರುತ್ತದೆ. ಅಷ್ಟು ವರ್ಷದಿಂದ ಕಟ್ಟುತ್ತಿದ್ದರೂ ಆ ಸಾಲುಗಳನ್ನು ಓದಿದವರು ಕಡಿಮೆ.

ಅಮ್ಮನಿಗೆ ಒಂದು ವಿಷಯ ಹೇಳಿ. 65 ದಾಟಿದವರಿಗೆ ವಿನಾಯಿತಿ ಅಂತ ನೀವು ಕೇಳಿರಬಹುದು. ಅದು ಮನೆಯ ಬೆಲೆ ನೋಡದೆ ಹಾಕುವ ಪಾರ್ಸೆಲ್ ಟ್ಯಾಕ್ಸ್ ಎಂಬ ಬೇರೆ ತೆರಿಗೆಯಲ್ಲಿ ಸಾಮಾನ್ಯ. ಬಾಂಡ್ ತೆರಿಗೆಯಲ್ಲಿ ಆ ವಿನಾಯಿತಿ ಇಲ್ಲ. ರಿಟೈರ್ ಆಗಿ ಪಿಂಚಣಿಯಲ್ಲಿ ಬದುಕುವವರಿಗೂ ಅದೇ ದರ.

ಸಂಬಳದ ಮಾತು

ದುಡ್ಡೆಲ್ಲ ಡಿಸ್ಟ್ರಿಕ್ಟ್‌ನ ಮುಖ್ಯ ಅಧಿಕಾರಿ ಸೂಪರಿಂಟೆಂಡೆಂಟ್ ಸಂಬಳಕ್ಕೆ ಹೋಗುತ್ತೆ ಅನ್ನುವುದು ಸುಳ್ಳು. ಶೇ 55ರ ಬಾಂಡ್ ಹಣವನ್ನು ಶಿಕ್ಷಕರ ಸಂಬಳಕ್ಕೆ, ಆಡಳಿತಗಾರರ ಸಂಬಳಕ್ಕೆ, ದಿನದ ಖರ್ಚಿಗೆ ಬಳಸಬಾರದು ಎಂದು ರಾಜ್ಯದ ಸಂವಿಧಾನದಲ್ಲೇ ಬರೆದಿದೆ. ಆದರೆ ಪೂರ್ತಿ ಸುಳ್ಳೂ ಅಲ್ಲ. ಬಾಂಡ್ ಕಾಮಗಾರಿಯ ಮೇಲ್ವಿಚಾರಣೆ ಮಾಡುವ ಡಿಸ್ಟ್ರಿಕ್ಟ್ ನೌಕರರಿಗೆ, ಆ ಕೆಲಸ ಎಷ್ಟೋ ಅಷ್ಟರ ಮಟ್ಟಿಗೆ, ಬಾಂಡ್‌ನಿಂದ ಸಂಬಳ ಕೊಡಬಹುದು ಎಂದು 2004ರಲ್ಲಿ ರಾಜ್ಯದ ಅಟಾರ್ನಿ ಜನರಲ್ (ಸರ್ಕಾರದ ಮುಖ್ಯ ವಕೀಲರು) ಅಭಿಪ್ರಾಯ ಕೊಟ್ಟಿದ್ದಾರೆ. ಯಾರದ್ದು ಎಷ್ಟು ಪಾಲು ಎನ್ನುವುದೇ ಆಡಿಟ್‌ನಲ್ಲಿ ನೋಡಬೇಕಾದ ಜಾಗ.

ಒಮ್ಮೆ ಒಂದು ಡಿಸ್ಟ್ರಿಕ್ಟ್‌ನ ಬೋರ್ಡ್ ಸಭೆಯಲ್ಲಿ ಕೂತಿದ್ದೆ. ರಾತ್ರಿ ಹತ್ತೂವರೆ. ಹಿರಿಯ ಟ್ರಸ್ಟಿಯೊಬ್ಬರು, ಅಂದರೆ ಬೋರ್ಡ್ ಸದಸ್ಯರು, ತುಂಬ ಬೇಜಾರಿನಿಂದ ಕೇಳಿದರು: "ಹೊಸ ಮ್ಯೂಸಿಕ್ ರೂಮ್ ಕಟ್ಟುತ್ತಿದ್ದೇವೆ. ಮ್ಯೂಸಿಕ್ ಟೀಚರ್‌ನ ಮಾತ್ರ ತೆಗೆದುಹಾಕುತ್ತಿದ್ದೇವೆ. ಈ ದುಡ್ಡಿನಲ್ಲಿ ಆಕೆಯ ಒಂದು ವರ್ಷದ ಸಂಬಳ ಕೊಡಲು ಆಗುವುದೇ ಇಲ್ಲವಾ?" ಆಗುವುದಿಲ್ಲ ಅಂದೆ. ಸಭೆಯಲ್ಲಿ ಒಬ್ಬರೂ ನನ್ನ ಮುಖ ನೋಡಲಿಲ್ಲ. ನನ್ನ ಕೆಲಸದ ಬಹುಪಾಲು ಹೀಗೆ "ಆಗುವುದಿಲ್ಲ" ಅನ್ನುವುದೇ.

ಆ ಟ್ರಸ್ಟಿಯ ನೋವು ನ್ಯಾಯವೇ. ಕಟ್ಟಡದ ದುಡ್ಡು ಒಂದು ಡಬ್ಬಿ, ಸಂಬಳದ ದುಡ್ಡು ಇನ್ನೊಂದು. ಒಂದರಿಂದ ಇನ್ನೊಂದಕ್ಕೆ ಕೈ ಹಾಕುವ ಹಾಗಿಲ್ಲ. ಬಾಂಡ್ ಪಾಸಾದ ಊರಿನಲ್ಲೂ ಶಿಕ್ಷಕರನ್ನು ತೆಗೆಯಬಹುದು. "ಅಷ್ಟು ಕೋಟಿ ಎತ್ತಿದ್ದೀರಿ, ಎಲ್ಲಿ ಹೋಯ್ತು?" ಅಂತ ಜನ ಕೇಳುವುದು ಆವಾಗಲೇ.

ಇನ್ನು ಪಟ್ಟಿಯ ವಿಷಯ. ಏನೇನು ಕಟ್ಟುತ್ತೇವೆ ಎಂದು ಡಿಸ್ಟ್ರಿಕ್ಟ್ ಮತದಾರರ ಮುಂದೆ ಪಟ್ಟಿ ಇಡಬೇಕು. ಬ್ಯಾಲೆಟ್ ಮೇಲಿನ ಪ್ರಶ್ನೆ 75 ಪದದ್ದು, ಅದನ್ನು ಓದಿ ಏನೂ ತಿಳಿಯುವುದಿಲ್ಲ. ವೋಟರ್ ಗೈಡ್‌ನ ಹಿಂದಿನ ಪುಟಗಳಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ ಪೂರ್ತಿ ಪಟ್ಟಿ ಇರುತ್ತದೆ. ಆ ಪಟ್ಟಿಗೆ ಎಷ್ಟು ಬೆಲೆ ಇದೆ ಎಂದು ಸ್ಯಾನ್ ಡಿಯೇಗೊದವರು ಕಲಿತರು. 2008ರಲ್ಲಿ ಅಲ್ಲಿ ಪ್ರೊಪೊಸಿಷನ್ ಎಸ್ ಎಂಬ 210 ಕೋಟಿ ಡಾಲರ್‌ನ ಬಾಂಡ್ ಪಾಸಾಯಿತು. ಆಮೇಲೆ ಹೂವರ್ ಹೈಸ್ಕೂಲಿನ ಮೈದಾನಕ್ಕೆ ಆ ಹಣದಲ್ಲಿ ದೊಡ್ಡ ದೀಪಗಳನ್ನು ಹಾಕಿಸಲು ಡಿಸ್ಟ್ರಿಕ್ಟ್ ಹೊರಟಿತು. ತೆರಿಗೆದಾರರ ಗುಂಪೊಂದು ಕೋರ್ಟಿಗೆ ಹೋಯಿತು. ಮೈದಾನದ ದೀಪ ಆ ಶಾಲೆಯ ಪಟ್ಟಿಯಲ್ಲಿ ಇಲ್ಲ, ಹಾಗಾಗಿ ಈ ಹಣ ಬಳಸುವಂತಿಲ್ಲ ಎಂದು 2013ರಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿತು. ಅಂದಿನಿಂದ ನಾವು ವಕೀಲರು ಪಟ್ಟಿ ಬರೆಯುವಾಗ ದೀಪ, ಬೇಲಿ, ಚರಂಡಿ, ನಲ್ಲಿ ಎಲ್ಲವನ್ನೂ ತುರುಕುತ್ತೇವೆ. ಇದರ ಕೆಟ್ಟ ಪರಿಣಾಮವೂ ಇದೆ. ಎಲ್ಲವೂ ಇರುವ ಪಟ್ಟಿಯಲ್ಲಿ ಯಾವುದು ಮೊದಲು ಎಂದು ಗೊತ್ತಾಗುವುದಿಲ್ಲ. ಪಟ್ಟಿಯಲ್ಲಿ ಇದೆ ಎಂದ ಮಾತ್ರಕ್ಕೆ ನಿಮ್ಮ ಶಾಲೆಯ ಹಾಲ್ ಕಟ್ಟಲೇಬೇಕು ಎಂದೂ ಇಲ್ಲ.

86 ಕೋಟಿ: ಇದು ಲೂಟಿಯಾ?

45 ಎತ್ತಿ 86 ತೀರಿಸುವುದು ಕೇಳಲು ಭಯವಾಗುತ್ತದೆ, ನಿಜ. ನಿಮ್ಮ ಮನೆ ಸಾಲದ ಲೆಕ್ಕ ತೆಗೆಯಿರಿ. 8 ಲಕ್ಷವನ್ನು ಶೇ 6.5 ಬಡ್ಡಿಗೆ 30 ವರ್ಷಕ್ಕೆ ತೊಗೊಂಡರೆ ಒಟ್ಟು ಕಟ್ಟುವುದು 18 ಲಕ್ಷಕ್ಕೂ ಜಾಸ್ತಿ. ಎರಡು ಪಟ್ಟನ್ನೂ ದಾಟಿತು. ಶಾಲೆಯ ಬಡ್ಡಿ ಇದಕ್ಕಿಂತ ಕಡಿಮೆ. ಯಾಕೆಂದರೆ ಈ ಬಾಂಡ್ ಕೊಂಡವರಿಗೆ ಬರುವ ಬಡ್ಡಿಗೆ ಫೆಡರಲ್ ಆದಾಯ ತೆರಿಗೆ ಇಲ್ಲ. ಇಲ್ಲಿನ ನಿವಾಸಿಗಳಿಗೆ ರಾಜ್ಯದ ತೆರಿಗೆಯೂ ಇಲ್ಲ. ತೆರಿಗೆ ಉಳಿಯುತ್ತದಲ್ಲ ಎಂದು ಅವರು ಕಡಿಮೆ ಬಡ್ಡಿಗೆ ಒಪ್ಪುತ್ತಾರೆ.

ನಾನು ನೋಡುವುದು ಒಟ್ಟು ಮೊತ್ತವನ್ನಲ್ಲ, ಅಸಲಿಗೆ ಅದು ಎಷ್ಟು ಪಟ್ಟು ಎಂದು. ಎರಡು ಪಟ್ಟಿನ ಒಳಗಿದ್ದರೆ ನನಗೆ ನಿದ್ದೆ ಬರುತ್ತದೆ. ಮೂರರ ಹತ್ತಿರ ಬಂದರೆ ಪ್ರಶ್ನೆ ಕೇಳಬೇಕು. ನಿಮ್ಮದು ಎರಡಕ್ಕಿಂತ ಕಡಿಮೆ.

ಪಟ್ಟು ಏರುವುದು ಹೇಗೆ ಎನ್ನುವುದಕ್ಕೆ ಸ್ಯಾನ್ ಡಿಯೇಗೊ ಹತ್ತಿರದ ಪೊವೇ ಡಿಸ್ಟ್ರಿಕ್ಟ್‌ನ ಕತೆ ನಮ್ಮ ವೃತ್ತಿಯಲ್ಲಿ ಎಲ್ಲರಿಗೂ ಬಾಯಿಪಾಠ. 2011ರಲ್ಲಿ ಅವರು ಸುಮಾರು 10.5 ಕೋಟಿ ಡಾಲರ್ ಎತ್ತಿದರು. ತೀರಿಸಬೇಕಾದದ್ದು ಹೆಚ್ಚುಕಡಿಮೆ 100 ಕೋಟಿ. ಮೊದಲ 20 ವರ್ಷ ಒಂದು ಕಂತೂ ಇಲ್ಲ. ಬಡ್ಡಿ ಅಸಲಿಗೆ ಸೇರುತ್ತಾ, ಆ ಬಡ್ಡಿಗೂ ಬಡ್ಡಿ ಬೀಳುತ್ತಾ ಹೋಗುತ್ತದೆ. ನಮ್ಮ ಅಜ್ಜಂದಿರ ಭಾಷೆಯಲ್ಲಿ ಹೇಳುವುದಾದರೆ ಚಕ್ರಬಡ್ಡಿ. ಇಲ್ಲಿ ಇದಕ್ಕೆ ಕ್ಯಾಪಿಟಲ್ ಅಪ್ರಿಸಿಯೇಷನ್ ಬಾಂಡ್ ಎಂಬ ಚಂದದ ಹೆಸರಿದೆ. ಇದು ಆಗ ಕಾನೂನುಬಾಹಿರ ಆಗಿರಲಿಲ್ಲ. ತೆರಿಗೆ ದರ ಏರಿಸುವುದಿಲ್ಲ ಎಂದು ಮತದಾರರಿಗೆ ಮಾತು ಕೊಟ್ಟಿದ್ದರು, ಶಾಲೆ ಈಗಲೇ ಕಟ್ಟಬೇಕಿತ್ತು. ಎರಡನ್ನೂ ಉಳಿಸಿಕೊಳ್ಳಲು ಹೊರೆಯನ್ನು ಮುಂದಿನವರ ತಲೆಗೆ ದಾಟಿಸಿದರು. ಇಂಥ ಸಾಲ ಮಾಡಿದವರು ಅವರೊಬ್ಬರೇ ಅಲ್ಲ. ಗದ್ದಲ ಎದ್ದ ಮೇಲೆ 2013ರಲ್ಲಿ ರಾಜ್ಯ ಎಬಿ 182 ಎಂಬ ಕಾನೂನು ತಂದಿತು. ಈಗ ಒಟ್ಟು ತೀರುವಳಿ ಅಸಲಿನ ನಾಲ್ಕು ಪಟ್ಟು ದಾಟಬಾರದು. ಚಕ್ರಬಡ್ಡಿ ಬಾಂಡ್‌ಗೆ 25 ವರ್ಷವೇ ಮಿತಿ. ನಾಲ್ಕು ಪಟ್ಟು ಅನ್ನುವುದೇ ನನಗೆ ಧಾರಾಳ ಅನ್ನಿಸುತ್ತದೆ. ಕಾನೂನು ಬಿಡುತ್ತದೆ ಎಂದು ಮಾಡಬೇಕಾಗಿಲ್ಲ.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ಮಾತಿಗೆ ಬರುತ್ತೇನೆ. ಸಾಲದ ಆಯಸ್ಸು ವಸ್ತುವಿನ ಆಯಸ್ಸಿಗಿಂತ ಜಾಸ್ತಿ ಇರಬಾರದು. ಶಾಲೆ ಕಟ್ಟಡ 50 ವರ್ಷ ನಿಂತರೆ 30 ವರ್ಷದ ಸಾಲ ತಪ್ಪಲ್ಲ. ಇವತ್ತು ಒಂದನೇ ಕ್ಲಾಸಿನಲ್ಲಿರುವ ಮಗು ದೊಡ್ಡದಾಗಿ ಮನೆ ಕೊಂಡಾಗ ತಾನು ಕೂತ ಕೊಠಡಿಗೇ ತೆರಿಗೆ ಕಟ್ಟುತ್ತದೆ, ಅದರ ಮಕ್ಕಳೂ ಅಲ್ಲೇ ಕೂರುತ್ತಾರೆ. ಆದರೆ ಮೂರ್ನಾಲ್ಕು ವರ್ಷಕ್ಕೆ ಮೂಲೆ ಸೇರುವ ಕಂಪ್ಯೂಟರ್‌ಗೆ 30 ವರ್ಷದ ಸಾಲ? ಲಾಸ್ ಏಂಜಲೀಸ್‌ನಲ್ಲಿ 2013ರಲ್ಲಿ ಬಾಂಡ್ ಹಣದಿಂದ ಮಕ್ಕಳಿಗೆಲ್ಲ ಐಪ್ಯಾಡ್ ಕೊಡಲು ಹೊರಟಾಗ ಎದ್ದ ಪ್ರಶ್ನೆಗಳಲ್ಲಿ ಇದೂ ಒಂದು. ಮುಂದಿನ ವರ್ಷವೇ ಆ ಕಾಂಟ್ರಾಕ್ಟ್ ನಿಂತುಹೋಯಿತು.

ಕಂಪ್ಯೂಟರ್ ಕೊಳ್ಳಲೇಬೇಕಾದರೆ ದಾರಿ ಇದೆ. ಬಾಂಡ್‌ಗಳನ್ನು ಒಂದೇ ಸಲ ಮಾರುವುದಿಲ್ಲ, ಕಂತುಕಂತಾಗಿ ಮಾರುತ್ತಾರೆ. ಕಂಪ್ಯೂಟರ್‌ನ ಪಾಲಿಗೆ ಮೂರೋ ಐದೋ ವರ್ಷದಲ್ಲಿ ತೀರುವ ಬೇರೆ ಕಂತು ಮಾಡಬಹುದು. ನಿಮ್ಮ ಪಟ್ಟಿಯಲ್ಲಿ "ಟೆಕ್ನಾಲಜಿ" ಎಂದಿದ್ದರೆ ಅದರ ಸಾಲ ಎಷ್ಟು ವರ್ಷದ್ದು ಎಂದು ಬೋರ್ಡ್ ಸಭೆಯಲ್ಲಿ ಕೇಳಿ. ಈ ಒಂದು ಪ್ರಶ್ನೆಗೆ ಥಟ್ ಅಂತ ಉತ್ತರ ಬಂದರೆ ಆ ಡಿಸ್ಟ್ರಿಕ್ಟ್ ಲೆಕ್ಕ ಮಾಡಿಯೇ ಬಂದಿದೆ ಎಂದು ಅರ್ಥ.

ಮನೆ ಜಪ್ತಿ?

ಇಲ್ಲ. ಇದು ನಿಮ್ಮ ಸ್ವಂತ ಸಾಲವಲ್ಲ. ನೀವು ನಿಮ್ಮ ಪ್ರಾಪರ್ಟಿ ಟ್ಯಾಕ್ಸ್ ಕಟ್ಟುತ್ತಿರುವವರೆಗೆ ಡಿಸ್ಟ್ರಿಕ್ಟ್ ಏನಾದರೂ ಆಗಲಿ, ಮನೆಗೆ ಯಾರೂ ಬರುವುದಿಲ್ಲ. ಕಟ್ಟದೆ ಬಿಟ್ಟರೆ ಬೇರೆ ಮಾತು. ಐದು ವರ್ಷ ಬಾಕಿ ಉಳಿದರೆ ಕೌಂಟಿ ಮನೆಯನ್ನು ಹರಾಜಿಗಿಡಬಹುದು. ಆದರೆ ಅದು ಬಾಂಡ್ ಇಲ್ಲದಿದ್ದರೂ ಇರುವ ನಿಯಮ. ಬಾಂಡ್ ತೀರಿಸುವ ತೆರಿಗೆಯನ್ನು ಕೌಂಟಿಯೇ ವಸೂಲಿ ಮಾಡಿ ಬೇರೆ ಖಾತೆಯಲ್ಲಿ ಇಡುತ್ತದೆ. ಡಿಸ್ಟ್ರಿಕ್ಟ್ ಅದನ್ನು ದಿನದ ಖರ್ಚಿಗೆ ಮುಟ್ಟುವಂತಿಲ್ಲ.

ಕಮಿಷನ್ ಮತ್ತು ನನ್ನ ಕೆಲಸ

ಇಲ್ಲಿ ನಾನು ಸುಮ್ನೆ ಸಮರ್ಥನೆ ಮಾಡಿಕೊಳ್ಳುವುದಿಲ್ಲ. ನಮ್ಮ ಫೀಸ್ ಸಾಮಾನ್ಯವಾಗಿ ಬಾಂಡ್ ಮಾರಾಟವಾದ ದಿನ ಬರುತ್ತದೆ. ಮಾರಾಟ ಆಗದಿದ್ದರೆ ಎಷ್ಟೋ ಸಲ ಏನೂ ಇಲ್ಲ. ಹಾಗಾಗಿ "ಬಾಂಡ್ ಆಗಲಿ" ಎಂಬ ಆಸೆ ನಮ್ಮ ಕಡೆ ಇರುತ್ತದೆ. ಕೆಲವು ಹಣಕಾಸು ಸಂಸ್ಥೆಗಳು ಇನ್ನೂ ಮುಂದೆ ಹೋಗಿದ್ದವು. ಚುನಾವಣಾ ಪ್ರಚಾರಕ್ಕೆ ನೆರವಾಗುವುದು, ಪ್ರತಿಯಾಗಿ ಬಾಂಡ್ ಮಾರುವ ಕೆಲಸ ಪಡೆಯುವುದು. ಇದು ಕಾನೂನಿಗೆ ವಿರುದ್ಧ ಎಂದು 2016ರಲ್ಲಿ ಅಟಾರ್ನಿ ಜನರಲ್ ಸ್ಪಷ್ಟವಾಗಿ ಹೇಳಿದರು. ಸಾರ್ವಜನಿಕ ಹಣದಲ್ಲಿ ಪ್ರಚಾರ ಮಾಡಬಾರದು ಎಂದು ರಾಜ್ಯದ ಸುಪ್ರೀಂ ಕೋರ್ಟ್ 1976ರಲ್ಲೇ ಹೇಳಿತ್ತು. ಡಿಸ್ಟ್ರಿಕ್ಟ್ ಮಾಹಿತಿ ಕೊಡಬಹುದು, "ಹೌದು ಎಂದು ವೋಟ್ ಹಾಕಿ" ಅನ್ನುವಂತಿಲ್ಲ. ನಿಮ್ಮ ಮನೆಗೆ ಬಂದ ಬಣ್ಣದ ಕರಪತ್ರದ ಕೆಳಗೆ ಯಾರು ಹಣ ಕೊಟ್ಟರು ಎಂದು ಸಣ್ಣಕ್ಷರದಲ್ಲಿ ಇರುತ್ತದೆ. ಓದಿ, ಮಜಾ ಇರುತ್ತದೆ.

ಹಾಗಾದರೆ ವಕೀಲರು ಯಾಕೆ ಬೇಕು? ಇದರ ಬೇರು 19ನೇ ಶತಮಾನದ ರೈಲಿನಲ್ಲಿದೆ. ಅಮೆರಿಕದ ಮಧ್ಯಭಾಗದ ಊರುಗಳು ನಮ್ಮಲ್ಲಿಗೂ ರೈಲು ಬರಲಿ ಎಂದು ಸಾಲಪತ್ರ ಮಾರಿದವು. ಎಷ್ಟೋ ಕಡೆ ರೈಲು ಬರಲಿಲ್ಲ, ಅಥವಾ ಸಾಲ ಭಾರವಾಯಿತು. ಆಗ ಊರಿನವರು "ಈ ಸಾಲ ಎತ್ತುವ ಅಧಿಕಾರವೇ ನಮಗಿರಲಿಲ್ಲ" ಎಂದು ಕೈ ಎತ್ತಿದರು. ಅಯೋವಾದ ಡ್ಯುಬ್ಯೂಕ್ ಊರಿನ ಇಂಥ ಜಗಳ 1864ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಕೋರ್ಟು ಸಾಲ ಕೊಟ್ಟವರ ಪರ ನಿಂತಿತು. ಹಣ ಹಾಕುವವರು ಅಲ್ಲಿಂದ ಪಾಠ ಕಲಿತರು. ಎರಡೂ ಕಡೆಗೆ ಸೇರದ ವಕೀಲರೊಬ್ಬರು ಈ ಸಾಲ ಸಿಂಧು ಎಂದು ಬರೆದುಕೊಡದೆ ದುಡ್ಡು ಬಿಚ್ಚುವುದಿಲ್ಲ ಎಂದರು. ಆ ಪತ್ರವೇ ಇವತ್ತಿಗೂ ನಾನು ಬರೆಯುವುದು. ನಮ್ಮವರಿಗೂ ಈ ವ್ಯವಹಾರ ತೀರಾ ಹೊಸದಲ್ಲ. ಬೆಂಗಳೂರು ಮಹಾನಗರ ಪಾಲಿಕೆ 1997ರಲ್ಲಿ 125 ಕೋಟಿ ರೂಪಾಯಿಯ ಬಾಂಡ್ ಮಾರಿತ್ತು.

ಪತ್ರ ಎರಡೋ ಮೂರೋ ಪುಟ. ಅದರ ಹಿಂದೆ ತಿಂಗಳುಗಟ್ಟಲೆ ಕೆಲಸ. ಚುನಾವಣೆಗೆ ಬೋರ್ಡ್ ಮಾಡಿದ ಠರಾವು ಗಡುವಿನೊಳಗೆ ಹೋಗಿತ್ತಾ? ಸಭೆಯ ಅಜೆಂಡಾ 72 ಗಂಟೆ ಮುಂಚೆ ಹೊರಗೆ ಅಂಟಿಸಿದ್ದರಾ? ಹಣವನ್ನು ಮೂರು ವರ್ಷದೊಳಗೆ ಹೆಚ್ಚುಕಡಿಮೆ ಖರ್ಚು ಮಾಡುವ ಯೋಜನೆ ಇದೆಯಾ, ಅಥವಾ ಕಡಿಮೆ ಬಡ್ಡಿಗೆ ಎತ್ತಿ ಹೆಚ್ಚು ಬಡ್ಡಿಗೆ ಇಟ್ಟು ಲಾಭ ಮಾಡುವ ಆಸೆಯಾ? ಇದು ಫೆಡರಲ್ ತೆರಿಗೆ ನಿಯಮಕ್ಕೆ ವಿರುದ್ಧ. ಮಿಕ್ಕ ಲಾಭವನ್ನು ಸಾಮಾನ್ಯವಾಗಿ ವಾಷಿಂಗ್ಟನ್‌ಗೆ ಕಟ್ಟಬೇಕು. ಕೊನೆಯ ದಿನ ಬೆಳಗ್ಗೆ ಒಂದು ಫೋನ್ ಕರೆ. ಬ್ಯಾಂಕರ್, ಡಿಸ್ಟ್ರಿಕ್ಟ್, ಕೌಂಟಿ ಎಲ್ಲರೂ ಲೈನಿನಲ್ಲಿ. "ಹಣ ಬಂತಾ?" "ಬಂತು." "ಪತ್ರ ಬಿಡಬಹುದಾ?" "ಬಿಡಿ." ಐದು ನಿಮಿಷದಲ್ಲಿ ಮುಗಿಯಿತು. ಇದನ್ನು ನೋಡಿದರೆ ನಮ್ಮ ಫೀಸ್ ಜಾಸ್ತಿ ಅಂತ ಯಾರಿಗಾದರೂ ಅನ್ನಿಸುತ್ತದೆ.

ಬಾಂಡ್ ಸೋತರೆ?

ಗುಂಪಿನಲ್ಲಿ ಇದನ್ನು ಯಾರೂ ಚರ್ಚೆ ಮಾಡಿರುವುದಿಲ್ಲ. ಸೋತರೆ ಸೋರುವ ಚಾವಣಿ ಹಾಗೇ ಇರುತ್ತದೆ. ಡಿಸ್ಟ್ರಿಕ್ಟ್ ಎರಡು ವರ್ಷ ಕಾದು ಮತ್ತೆ ಕೇಳಬಹುದು. ಆಗ ಸಿಮೆಂಟು, ಕೂಲಿ ಎಲ್ಲ ತುಟ್ಟಿ. ಚಿಕ್ಕ ಮೊತ್ತಕ್ಕೆ ಇಳಿದು ಬರಲೂಬಹುದು. ಪಟ್ಟಿ ತೀರಾ ಉದ್ದ ಇದ್ದ ಕಡೆ ಸೋಲು ಒಳ್ಳೆಯದೇ ಮಾಡಿದ್ದನ್ನು ಕಂಡಿದ್ದೇನೆ. ಎರಡನೇ ಸಲ ಚಾವಣಿ, ಶೌಚಾಲಯ, ವಿದ್ಯುತ್ ತಂತಿ ಮಾತ್ರ ಉಳಿದವು.

ಪಾರ್ಸೆಲ್ ಟ್ಯಾಕ್ಸ್ ಇನ್ನೊಂದು ದಾರಿ. ಪ್ರತಿ ಮನೆಗೂ ಸಾಮಾನ್ಯವಾಗಿ ಒಂದೇ ಮೊತ್ತ, ಸಂಬಳಕ್ಕೂ ಬಳಸಬಹುದು. ಆದರೆ ಡಿಸ್ಟ್ರಿಕ್ಟ್ ತಾನೇ ಬ್ಯಾಲೆಟ್‌ಗೆ ಇಟ್ಟರೆ ಮೂರರಲ್ಲಿ ಎರಡು ಪಾಲು ಮತ ಬೇಕು, ಕಟ್ಟಡಕ್ಕೆ ಬೇಕಾದಷ್ಟು ದೊಡ್ಡ ಹಣ ಅದರಿಂದ ಹುಟ್ಟುವುದಿಲ್ಲ.

ನನಗೆ ಹೆದರಿಕೆ ಇರುವುದು ಮೂರನೆಯದರ ಬಗ್ಗೆ. ಸರ್ಟಿಫಿಕೇಟ್ ಆಫ್ ಪಾರ್ಟಿಸಿಪೇಷನ್ ಎಂಬ ಸಾಲ. ಡಿಸ್ಟ್ರಿಕ್ಟ್ ತನ್ನ ಕಟ್ಟಡವನ್ನೇ ಇನ್ನೊಂದು ಸಂಸ್ಥೆಗೆ ಕೊಟ್ಟು ತಾನೇ ಬಾಡಿಗೆಗೆ ಪಡೆದಂತೆ ಕಾಗದ ಮಾಡುತ್ತಾರೆ. ಆ ಬಾಡಿಗೆಯೇ ಸಾಲದ ಕಂತು. ಕಾನೂನಿನ ದೃಷ್ಟಿಯಲ್ಲಿ ಇದು ಸಾಲವಲ್ಲ, ಹಾಗಾಗಿ ಜನರ ವೋಟ್ ಬೇಡ. ಹೊಸ ತೆರಿಗೆಯೂ ಇಲ್ಲ. ಕೇಳಲು ಚೆನ್ನಾಗಿದೆ. ಆದರೆ ಕಂತು ಹೋಗುವುದು ಶಿಕ್ಷಕರ ಸಂಬಳದ ಡಬ್ಬಿಯಿಂದಲೇ. ಮಕ್ಕಳ ಸಂಖ್ಯೆ ಕಡಿಮೆಯಾಗಿ ರಾಜ್ಯದ ಹಣ ಇಳಿದರೂ ಕಂತು ಇಳಿಯುವುದಿಲ್ಲ. ನಾನು ಇಂಥ ಕಾಗದವನ್ನೂ ಬರೆದಿದ್ದೇನೆ. ಬರೆಯುವ ಮುಂಚೆ ಬೋರ್ಡ್‌ಗೆ ಇದನ್ನು ಬಿಡಿಸಿ ಹೇಳುತ್ತೇನೆ. ಕೇಳುವವರು ಕೇಳುತ್ತಾರೆ.

ವೋಟಿಲ್ಲದ ನೀವು ಏನು ಮಾಡಬಹುದು

ವೋಟ್ ಇಲ್ಲದಿರುವುದು ಅನ್ಯಾಯ ಅನ್ನಿಸಿದರೆ ತಪ್ಪಿಲ್ಲ. ಬಾಡಿಗೆ ಮನೆಯ ನಾಗರಿಕರಿಗೆ ವೋಟ್ ಇದೆ, ಸ್ವಂತ ಮನೆಯ ನಿಮಗೆ ಇಲ್ಲ. ಆದರೆ ಬೋರ್ಡ್ ಸಭೆಯಲ್ಲಿ ಎದ್ದು ಮಾತಾಡಲು ನಾಗರಿಕತ್ವ ಬೇಕಿಲ್ಲ, ಹೆಸರು ಕೂಡ ಹೇಳಬೇಕಿಲ್ಲ. ಬಾಂಡ್ ಪಾಸಾದರೆ ಸಿಟಿಜನ್ಸ್ ಓವರ್‌ಸೈಟ್ ಕಮಿಟಿ ನೇಮಕವಾಗಲೇಬೇಕು. ಕನಿಷ್ಠ ಏಳು ಜನ. ಅದರಲ್ಲಿ ಪೋಷಕರಿಗೆ, ಹಿರಿಯರ ಸಂಘದವರಿಗೆ, ತೆರಿಗೆದಾರರ ಸಂಘದವರಿಗೆ ಸ್ಥಾನ ಮೀಸಲು. ಡಿಸ್ಟ್ರಿಕ್ಟ್ ನೌಕರರು, ಕಾಂಟ್ರಾಕ್ಟರ್‌ಗಳು ಕೂರುವಂತಿಲ್ಲ. ಸಂಬಳವಿಲ್ಲದ ಕೆಲಸ. ಹೆಸರಿನಲ್ಲಿ ಸಿಟಿಜನ್ಸ್ ಎಂದಿದೆ, ನಿಜ. ಆದರೆ ನೇಮಕದಿಂದ ಬರುವ ಸಾರ್ವಜನಿಕ ಹುದ್ದೆಗೆ ವಲಸೆ ಸ್ಥಿತಿ ಅಡ್ಡಿಯಲ್ಲ ಎಂದು ರಾಜ್ಯ 2019ರಲ್ಲಿ ಕಾನೂನು ಮಾಡಿದೆ. ಕಮಿಟಿಯ ನಿಯಮಾವಳಿ ನೋಡಿ ಅರ್ಜಿ ಹಾಕಿ. ಖಾಲಿ ಸ್ಥಾನಕ್ಕೆ ಜನ ಸಿಗದೆ ಒದ್ದಾಡುವ ಡಿಸ್ಟ್ರಿಕ್ಟ್‌ಗಳೇ ಜಾಸ್ತಿ. ಈ ಕಮಿಟಿಗೆ ಖರ್ಚು ತಡೆಯುವ ಅಧಿಕಾರ ಇಲ್ಲ. ಬಿಲ್ ನೋಡುವ, ಜನರಿಗೆ ವರದಿ ಕೊಡುವ ಅಧಿಕಾರ ಇದೆ. ಸ್ಪ್ರೆಡ್‌ಶೀಟ್ ಓದಬಲ್ಲ ಒಬ್ಬರು ಕೂತರೂ ಸಭೆಯ ಬಣ್ಣ ಬದಲಾಗುತ್ತದೆ.

ಈಗಾಗಲೇ ಮಾರಿರುವ ಹಳೆಯ ಬಾಂಡ್‌ಗಳ ದಾಖಲೆ ಎಮ್ಮಾ (EMMA) ಎಂಬ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತದೆ. ಡಿಸ್ಟ್ರಿಕ್ಟ್ ಹೆಸರು ಹಾಕಿ ಹುಡುಕಿ. ನಾವು ಬರೆಯುವ ಪತ್ರವೂ ಸಾಮಾನ್ಯವಾಗಿ ಅದರ ಕೊನೆಯಲ್ಲೇ ಇರುತ್ತದೆ.

ಕೊನೆಗೆ ನಿಮ್ಮ ಹಾಲ್. ಈ ವದಂತಿಗೆ ಒಂದು ಎಳೆ ನಿಜದ ಆಧಾರ ಇದೆ. ತೆರಿಗೆ ಇಲ್ಲದ ಬಾಂಡ್ ಹಣದಲ್ಲಿ ಕಟ್ಟಿದ ಜಾಗವನ್ನು ಖಾಸಗಿಯವರು ಒಂದು ಮಿತಿಗಿಂತ ಜಾಸ್ತಿ ಬಳಸಿದರೆ ಬಾಂಡ್‌ನ ತೆರಿಗೆ ವಿನಾಯಿತಿಗೇ ಕುತ್ತು. ಲೆಕ್ಕ ಸುಮಾರು ಶೇ 10. ಈ ನಿಯಮದಲ್ಲಿ ಕನ್ನಡ ಕೂಟದಂಥ ಲಾಭವಿಲ್ಲದ ಸಂಘವೂ ಖಾಸಗಿಯೇ. ಆದರೆ ಅದು ಹಾಲನ್ನೇ ವರ್ಷಗಟ್ಟಲೆ ಲೀಸಿಗೆ ಬರೆಸಿಕೊಳ್ಳುವವರ ಮಾತು. ಭಾನುವಾರ ಎರಡು ಗಂಟೆ ಕ್ಲಾಸು, ನವೆಂಬರ್‌ನಲ್ಲಿ ಒಂದು ದಿನ ರಾಜ್ಯೋತ್ಸವ, ಇಂಥ ಅಲ್ಪಾವಧಿ ಬಾಡಿಗೆಗೆ ನಿಯಮದಲ್ಲೇ ಜಾಗ ಬಿಟ್ಟಿದ್ದಾರೆ. ಶಾಲೆಯ ಜಾಗವನ್ನು ಸಮುದಾಯದ ಸಂಘಗಳಿಗೆ ಬಳಸಲು ಕೊಡಬೇಕು ಎಂದು ರಾಜ್ಯದ ಕಾನೂನೇ ಹೇಳುತ್ತದೆ. ಹಾಗಾಗಿ ಕ್ಲಾಸಿಗೆ ತೊಂದರೆಯಿಲ್ಲ.

ಮುಂದಿನ ಭಾನುವಾರ ಹೋದಾಗ ಬಕೆಟ್ ಇಡುವ ಜಾಗದ ಮೇಲೆ ತಲೆಯೆತ್ತಿ ನೋಡಿ. ಆ ಚಾವಣಿ ಹಾಕಿ ಎಷ್ಟು ವರ್ಷವಾಯಿತು, ಹೊಸದು ಎಷ್ಟು ವರ್ಷ ಬಾಳುತ್ತದೆ ಎಂದು ಶಾಲೆಯ ಫೆಸಿಲಿಟೀಸ್ ಮ್ಯಾನೇಜರ್‌ನ ಕೇಳಿ. ಆ ಎರಡು ಅಂಕಿಗಳನ್ನು ನಿಮ್ಮ ಗುಂಪಿಗೆ ಹಾಕಿ.